ಎರಡು ಹರಗೋಲಿನ ಶಾಣ್ಯಾತನ

ಮೊನ್ನೆ ಜಮಖಂಡಿಯ ಬಸ್ ನಿಲ್ದಾಣದಲ್ಲಿ ನಮ್ಮ ಯಜಮಾನರು ನನ್ನ ಮೇಲೆ ಸಿಟ್ಟಾದರು. ಮುಧೋಳದಲ್ಲಿ ಅವರ ತಂಗಿಯ ಮೊಮ್ಮಗುವಿಗೆ ಹೆಸರಿಡುವ ಕಾರ್ಯಕ್ರಮವಿತ್ತು. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಅವರು ಕಿಟಕಿಯೊಳಗೆ ಟವೆಲು ಎಸೆದು ಇಬ್ಬರಿಗೂ ಜಾಗ ಹಿಡಿದರು, ನೂಕಾಡಿಕೊಂಡು ಹತ್ತಿ ಕುಳಿತರು, ಕಿಟಕಿಯಿಂದ ಮುಖ ಹೊರಗೆ ಹಾಕಿ ನನ್ನನ್ನು ಕರೆದರು. ನಾನು ಕೈಚೀಲ ಹಿಡಿದುಕೊಂಡು ಕೆಳಗೇ ನಿಂತಿದ್ದೆ.

“ಹತ್ತು, ಏನ ನೋಡಾಕತ್ತಿ?”

“ನೀವು ಮುಂದ ನಡೀರಿ. ನಾ ಹಿಂದಿನ ಬಸ್ಸಿಗೆ ಬರ್ತೀನಿ.”

“ಯಾಕ?”

ಯಾಕೆ ಎಂಬುದು ನನಗೂ ಗೊತ್ತಿರಲಿಲ್ಲ. ಕಾಲು ಮೇಲೇಳಲಿಲ್ಲ, ಅಷ್ಟೇ. ಕಂಡಕ್ಟರು ಬಾಗಿಲಲ್ಲಿ ನಿಂತು, “ಅಕ್ಕಾರ, ಜಗಳಾ ಮನ್ಯಾಗ ಮುಗಿಸಿ ಬರಬೇಕ್ರಿ” ಎಂದ. ಬಸ್ಸಿನವರೆಲ್ಲ ನಕ್ಕರು. ಯಜಮಾನರು ಟವೆಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡು ಮುಖ ಆ ಕಡೆ ತಿರುಗಿಸಿದರು. ನಾನು ಮುಂದಿನ ಬಸ್ಸು ಹಿಡಿದು ಮುಧೋಳ ಮುಟ್ಟುವ ಹೊತ್ತಿಗೆ ಮಗುವಿಗೆ ಹೆಸರಿಟ್ಟು ಮುಗಿದು, ನಮ್ಮಿಬ್ಬರ ಸಂಸಾರದ ಬಗ್ಗೆ ಮಾತು ಶುರುವಾಗಿತ್ತು. ನಾದಿನಿಯ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, ಈ ವಯಸ್ಸಿನಲ್ಲಿ ಸ್ವಲ್ಪ ತಾಳಿಕೊಂಡು ಹೋಗಬೇಕು ಎಂದು ಬುದ್ಧಿ ಹೇಳಿದರು. ನಾನು ಹೂಂಗುಟ್ಟಿದೆ. ಜಗಳವಾಗಿಲ್ಲ ಎಂದರೆ ಮತ್ತೇನಾಗಿದೆ ಎಂದು ವಿವರಿಸಬೇಕಾಗುತ್ತಿತ್ತು.

ನಿಮಗೆ ವಿವರಿಸಲು ಪ್ರಯತ್ನಿಸುತ್ತೇನೆ. ನನಗೇ ಸರಿಯಾಗಿ ತಿಳಿಯದ್ದರಿಂದ ನಿಮಗೂ ಪೂರ್ತಿ ತಿಳಿಯಲಿಕ್ಕಿಲ್ಲ, ಬೇಸರಿಸಬೇಡಿ.

ನಾನು ಹುಡುಗಿಯರ ಶಾಲೆಯೊಂದರಲ್ಲಿ ಬಹಳ ವರ್ಷ ಕನ್ನಡ ಕಲಿಸಿದವಳು. ಪಾಠದಲ್ಲಿ ‘ವಿವೇಕ’ ಎಂಬ ಮಾತು ಬಂದಾಗಲೆಲ್ಲ ಹಲಗೆಯ ಮೇಲೆ ‘ಒಳಿತು ಕೆಡುಕುಗಳನ್ನು ಬೇರ್ಪಡಿಸಿ ತಿಳಿಯುವ ಶಕ್ತಿ’ ಎಂದು ದುಂಡಗೆ ಬರೆಯುತ್ತಿದ್ದೆ. ಹುಡುಗಿಯರೂ ದುಂಡಗೆ ಬರೆದುಕೊಳ್ಳುತ್ತಿದ್ದರು. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಬ್ಯಾರೆ ಮಾಡಿದ ಮ್ಯಾಲ ಏನ ಮಾಡಬೇಕ್ರಿ ಟೀಚರ?” ಎಂದು ಕೇಳಿದಳು. ನಾನು ಮುಂದಿನ ಪಾಠ ತೆಗೆಯಿರಿ ಎಂದೆ.

ನಮ್ಮ ಮನೆಯಲ್ಲಿ ವಿವೇಕ ಎಂಬ ಶಬ್ದ ಇರಲಿಲ್ಲ. ಅದು ಪುಸ್ತಕದಲ್ಲಿತ್ತು. ಮನೆಯಲ್ಲಿ ಇದ್ದದ್ದು ಶಾಣ್ಯಾತನ, ಹುಷಾರಿ, ಜ್ವಾಕಿ. ಊರಿಗೆ ಹೊರಟವರಿಗೆ, ಬಿಸಿ ಪಾತ್ರೆ ಇಳಿಸುವವರಿಗೆ, ಹೊಸ ಸೊಸೆಗೆ, ಎಲ್ಲರಿಗೂ ಜ್ವಾಕಿ ಎನ್ನುತ್ತಿದ್ದರು. ಹುಷಾರು ಎಂದರೆ ಓದಿನಲ್ಲಿ ಮುಂದಿರುವ ಹುಡುಗಿಯೂ ಹೌದು, ಜ್ವರ ಬಿಟ್ಟು ಎದ್ದು ಕುಳಿತವಳೂ ಹೌದು. ಶಾಣ್ಯಾತನ, ಅಂದರೆ ಜಾಣತನ, ಎಲ್ಲಕ್ಕಿಂತ ದೊಡ್ಡದು. ಆದರೆ ಅದರಲ್ಲೂ ಒಂದು ಫಜೀತಿ. ಯಾವುದೋ ಒಂದು ಕೆಲಸವನ್ನು ನಮ್ಮ ಕಾಕಾ ಮಾಡಿದರೆ ಶಾಣ್ಯಾತನ, ಅದನ್ನೇ ಬೀಗರು ಮಾಡಿದರೆ ಕಪಟದ ಬೆರಕಿತನ, ನಾನು ಮಾಡಿದರೆ “ಬಾಳ ಶಾಣ್ಯಾಕಿ ಆಗಬ್ಯಾಡ.” ಒಂದೇ ಕೆಲಸಕ್ಕೆ ಮೂರು ಹೆಸರು ಯಾಕೆ ಎಂಬ ಗೊಂದಲ ನನಗೆ ಅಂದಿನಿಂದ ಇದೆ. ಭಾಷೆ ಕಲಿಸಿಯೂ ಅದು ಹೋಗಲಿಲ್ಲ.

ಶಾಣ್ಯಾತನದಲ್ಲಿ ನಮ್ಮ ಮನೆತನಕ್ಕೆ ಊರಲ್ಲಿ ಹೆಸರಿತ್ತು. ಉಪ್ಪನ್ನು ಎರಡು ಗಡಿಗೆಯಲ್ಲಿ ಇಡುತ್ತಿದ್ದೆವು, ಒಂದು ಒಡೆದರೆ ಇರಲಿ ಎಂದು. ಬೀಜದ ಜೋಳವನ್ನು ಎರಡು ಕಡೆ ಇಡುತ್ತಿದ್ದೆವು. ಬಾಗಿಲ ಕೀಲಿಕೈ ಎರಡಿದ್ದವು. ಎರಡನೆಯದನ್ನು ಎಷ್ಟು ಜೋಪಾನವಾಗಿ ಇಟ್ಟಿದ್ದರೆಂದರೆ ಮೊದಲನೆಯದು ಕಳೆದ ದಿನ ಅದು ಸಿಗಲಿಲ್ಲ, ಬಾಗಿಲು ಒಡೆಯಬೇಕಾಯಿತು. ಕಾಕಾ ಒಮ್ಮೆ ಮನೆ ಕಾಯಲೆಂದು ಮುಧೋಳದ ಕಡೆಯಿಂದ ಬೇಟೆನಾಯಿಯ ಮರಿಯೊಂದನ್ನು ತಂದ. ಉದ್ದ ಮೂತಿ, ಸಣ್ಣ ಸೊಂಟ, ಗಾಳಿಯ ಹಾಗೆ ಓಡುವ ಜಾತಿ. ಅಂಥ ನಾಯಿಯನ್ನು ಯಾರಾದರೂ ಕದ್ದುಬಿಟ್ಟರೆ ಎಂಬ ವಿಚಾರ ಬಂತು. ಅದನ್ನು ಒಳಗೆ ಕಟ್ಟಿದರು. ಒಳಗೆ ಕಟ್ಟಿದ ನಾಯಿಯನ್ನು ನೋಡಿಕೊಳ್ಳಲು ಯಾರಾದರೂ ಮನೆಯಲ್ಲಿರಬೇಕಲ್ಲ. ಹಾಗಾಗಿ ನಾಯಿ ಬಂದ ಮೇಲೆ ಆಯಿ, ಅಂದರೆ ನನ್ನ ಅಪ್ಪನ ಅವ್ವ, ಹೊಲಕ್ಕೆ ಹೋಗುವುದನ್ನೇ ಬಿಟ್ಟಳು. ಆಕೆ ನಾಯಿಯನ್ನು ಕಾಯುತ್ತಿದ್ದಳು, ನಾಯಿ ಮನೆಯನ್ನು ಕಾಯುತ್ತಿತ್ತು, ಇದಕ್ಕೆ ಏನೆನ್ನಬೇಕೆಂದು ನನಗೆ ಗೊತ್ತಿಲ್ಲ.

ಎಲ್ಲೋ ಹೊರಟು ಎಲ್ಲೋ ಬಂದೆ. ಹೇಳಬೇಕಾದದ್ದು ಹರಗೋಲಿನ ವಿಷಯ.

ನಮ್ಮ ಊರು ಕೃಷ್ಣೆಯ ದಂಡೆಯ ಗಲಗಲಿ. ಆಗ ಸೇತುವೆ ಇರಲಿಲ್ಲ. ಆಚೆ ದಂಡೆಗೆ ಹೋಗಬೇಕೆಂದರೆ ಹರಗೋಲು ಹತ್ತಬೇಕು. ಬಿದಿರು ಹೆಣೆದು ಚರ್ಮ ಹೊದಿಸಿದ, ದೊಡ್ಡ ಬುಟ್ಟಿಯಂಥದು. ಹುಟ್ಟು ಹಾಕಿದಂತೆಲ್ಲ ತಾನೂ ತಿರುಗುತ್ತ, ಕುಳಿತವರ ತಲೆಯನ್ನೂ ತಿರುಗಿಸುತ್ತ ಸಾಗುತ್ತಿತ್ತು. ನಮ್ಮ ಮನೆತನದಲ್ಲಿ ಒಂದು ಕಟ್ಟಳೆ ಇತ್ತು: ಇಡೀ ಮನೆ ಒಂದೇ ಹರಗೋಲಿನಲ್ಲಿ ಕೂಡಬಾರದು. ಗಂಡ ಒಂದರಲ್ಲಿ, ಹೆಂಡತಿ ಇನ್ನೊಂದರಲ್ಲಿ. ಮಕ್ಕಳನ್ನು ಹಂಚಿಕೊಳ್ಳಬೇಕು. ಹಿಂದೆ ಯಾವುದೋ ಕಾಲದಲ್ಲಿ ನಮ್ಮ ಪೈಕಿಯ ಒಂದು ಮನೆಯವರೆಲ್ಲ ಕೂಡಿ ಹರಗೋಲಿನಲ್ಲಿ ಹೋಗಿ ಒಬ್ಬರೂ ತಿರುಗಿ ಬರಲಿಲ್ಲವಂತೆ. “ದೀಪಾ ಹಚ್ಚಾಕ ಒಬ್ರು ಉಳೀಲಿಲ್ಲ” ಎಂದು ಆಯಿ ಹೇಳುವಾಗ ತಾನೇ ಕಂಡವಳಂತೆ ಹೇಳುತ್ತಿದ್ದಳು.

ದೊಡ್ಡವರಿಗೆ ಇದು ಶಾಣ್ಯಾತನ. ನನಗೆ ಮಾತ್ರ ಅದು ಹಂಚಿಕೆಯ ಸಂಕಟ. ಈ ಸಲ ನಾನು ಅಪ್ಪನ ಪಾಲಿಗೋ, ಅವ್ವನ ಪಾಲಿಗೋ? ನನ್ನ ಹರಗೋಲು ಮುಳುಗುತ್ತದೆ ಎಂದು ನಾನು ಎಂದೂ ಹೆದರಲಿಲ್ಲ. ಅವ್ವ ಕುಳಿತ ಹರಗೋಲನ್ನೇ ನೋಡುತ್ತಿದ್ದೆ. ಅದು ತಿರುಗಿದಾಗ ಅವ್ವನ ಬೆನ್ನು ಕಾಣುತ್ತಿತ್ತು, ಮುಖ ಕಾಣುತ್ತಿತ್ತು, ಮತ್ತೆ ಬೆನ್ನು. ಎಲ್ಲರೂ ಸಾಯದಿರಲಿ ಎಂದು ಮಾಡಿದ ವ್ಯವಸ್ಥೆಯಲ್ಲಿ ಯಾರಾದರೂ ಸಾಯಬಹುದು ಎಂಬ ಲೆಕ್ಕವೂ ಇದೆಯಲ್ಲ ಎಂಬ ಯೋಚನೆ ನನಗೆ ಆಗಲೇ ಬಂದಿತ್ತು. ಕೇಳಿದ್ದರೆ ಬಾಳ ಶಾಣ್ಯಾಕಿ ಎನ್ನುತ್ತಿದ್ದರು, ಕೇಳಲಿಲ್ಲ.

ನನಗೆ ಹತ್ತು ವರ್ಷವಿದ್ದಾಗ ನೀಲಕ್ಕನ ಮದುವೆ ಗೊತ್ತಾಯಿತು. ನೀಲಕ್ಕ ನನ್ನ ಹಿರಿಯಕ್ಕ. ವರ ಆಚೆ ದಂಡೆಯ ಊರಿನ ಮಲ್ಲಪ್ಪ. ನಮ್ಮ ಕಡೆಯ ಪದ್ಧತಿಯಂತೆ ಮದುವೆ ಗಂಡಿನ ಮನೆಯಲ್ಲಿ. ಅಪ್ಪ ಬಹಳ ವಿಚಾರ ಮಾಡಿ ಮಳೆಗಾಲಕ್ಕೆ ಮೊದಲಿನ ಮುಹೂರ್ತ ಹಿಡಿಸಿದ. ಮದುವೆಯ ಸೀರೆ ರಬಕವಿಯಲ್ಲಿ ಹೇಳಿ ನೇಯಿಸಿದ್ದು, ಮೈಗೆ ಗಿಳಿಹಸಿರು, ಸೆರಗಿಗೆ ಕೆಂಪು. ಅದು ಬಂದ ದಿನ ನೀಲಕ್ಕ ಅದನ್ನು ಮಡಿಕೆ ಬಿಚ್ಚದೆ ಸುಮ್ಮನೆ ಕೈಯಿಂದ ಸವರಿ ಇಟ್ಟಳು. ಆಕೆ ಮಾತು ಕಡಿಮೆ. ಆದರೆ ಈ ಮದುವೆ ಆಕೆಗೆ ಮನಸ್ಸಿನಿಂದ ಬೇಕಾಗಿತ್ತು, ಅದು ಮನೆಯವರಿಗೆಲ್ಲ ಕಾಣುತ್ತಿತ್ತು. ಹಿಂದೆ ಒಂದು ಸಂಬಂಧ ಅಪ್ಪನ ಅತಿ ವಿಚಾರದಿಂದಲೇ ಮುರಿದುಬಿದ್ದಿತ್ತು.

ಮುಹೂರ್ತದ ಹಿಂದಿನ ದಿನ ಹೊಳೆ ದಾಟಬೇಕು. ಅಪ್ಪ ಹಿಂದಿನ ವಾರದಿಂದಲೇ ಹಂಚಿಕೆ ಮಾಡತೊಡಗಿದ್ದ. ಮದುವೆಯಾದ್ದರಿಂದ ಈ ಸಲ ಮಂದಿಯನ್ನಷ್ಟೇ ಅಲ್ಲ, ಮದುವೆಯನ್ನೂ ಹಂಚಿದ. ಅವ್ವ, ಆಯಿ, ಮೂರು ವರ್ಷದ ತಮ್ಮ ಬಸು ಮೊದಲನೆಯ ಸರತಿಗೆ. ಅವರ ಕೂಡ ತಾಳಿ, ಸೀರೆ. ಅಪ್ಪ, ಕಾಕಾ, ನೀಲಕ್ಕ, ನಾನು ಎರಡನೆಯ ಸರತಿಗೆ. ನಮ್ಮ ಕೂಡ ಮದುವೆ ಮಾಡಿಸುವ ಮಠದ ಅಯ್ಯನವರು. ಮದುಮಗಳು ಮತ್ತು ತಾಳಿ ಒಂದೇ ನೀರಿನ ಮೇಲೆ ಒಂದೇ ಹೊತ್ತಿಗೆ ಇರಬಾರದು ಎಂಬುದು ಅಪ್ಪನ ವಿಚಾರ. ಅಯ್ಯನವರು ತಮ್ಮನ್ನು ಯಾಕೆ ತಾಳಿಯಿಂದ ಬೇರೆ ಮಾಡಿದರೆಂದು ಕೇಳಿದರು. “ಇರ್ಲಿ ಬಿಡ್ರಿ ಅಜ್ಜಾರ, ಹಂಚಿಕೊಂಡಿದ್ರ ಛಲೋ” ಎಂದ ಅಪ್ಪ. ಕಾಕಾ ತಲೆಯಾಡಿಸಿದ. ಆ ದಿನ ನಮ್ಮ ಮನೆತನದಷ್ಟು ಶಾಣ್ಯಾ ಮನೆತನ ಕೃಷ್ಣೆಯ ಎರಡೂ ದಂಡೆಗೆ ಇರಲಿಲ್ಲ.

ಮೊದಲಿನವರು ದಾಟಿದರು. ಅವ್ವ ಆಚೆ ಇಳಿದು ಸೆರಗು ಬೀಸಿದ್ದು ಕಂಡಿತು. ಅಂಬಿಗ ಹರಗೋಲು ತಿರುಗಿಸಿಕೊಂಡು ನಮ್ಮ ದಂಡೆಗೆ ಬರುವ ಹೊತ್ತಿಗೆ ನೀರಿನ ಬಣ್ಣ ಬದಲಾಗಿತ್ತು. ನಮ್ಮಲ್ಲಿ ಒಂದು ಹನಿ ಮಳೆಯಿಲ್ಲ, ನೆತ್ತಿ ಸುಡುವ ಬಿಸಿಲು. ಮಳೆ ಬಿದ್ದದ್ದು ಮೇಲೆ ಘಟ್ಟದಲ್ಲಿ ಎಲ್ಲೋ. ಹೊಸ ನೀರು ಕೆಂಪಗೆ, ಕಸಕಡ್ಡಿ ಹೊತ್ತುಕೊಂಡು ಬರತೊಡಗಿತ್ತು. ಅಂಬಿಗ ಹರಗೋಲನ್ನು ದಡಕ್ಕೆ ಎಳೆದು ಬೋರಲು ಹಾಕಿದ.

“ಇನ್ನ ಆಗಂಗಿಲ್ರಿ ಗೌಡ್ರ. ನಾಳಿ ನೋಡೂನು.”

“ನಾಳಿ ಮದಿವಿ ಐತೋ.”

“ಹೊಳೀಗಿ ಹೇಳ್ರಿ.”

ಮುಂದಿನ ಬೆಳಗ್ಗೆ ನೀರು ಇನ್ನಷ್ಟು ಏರಿತ್ತು. ಮುಹೂರ್ತ ಮಧ್ಯಾಹ್ನಕ್ಕೆ. ಆಚೆ ದಂಡೆಯಲ್ಲಿ ಹಂದರ, ವರ, ತಾಳಿ, ಸೀರೆ, ಅಡುಗೆ, ಬೀಗರು, ನಮ್ಮ ಅವ್ವ. ಈಚೆ ದಂಡೆಯಲ್ಲಿ ಮದುಮಗಳು ಮತ್ತು ಅಯ್ಯನವರು. ಹಾಗೆ ನೋಡಿದರೆ ಹಂಚಿಕೆ ಸರಿಯಾಗಿಯೇ ಆಗಿತ್ತು. ಕಾಕಾ, ಎಲ್ಲರೂ ಮೊದಲನೆಯ ಸರತಿಗೇ ಹೋಗಿದ್ದರೆ ಈಗ ಅಲ್ಲಿರುತ್ತಿದ್ದೆವು ಎಂದ. ಅಪ್ಪ, ಹರಗೋಲಿನಲ್ಲಿ ಭಾರ ಹೆಚ್ಚಾಗಿ ನಡುನೀರಿನಲ್ಲಿ ಏನಾಗುತ್ತಿತ್ತೋ ಯಾರಿಗೆ ಗೊತ್ತು ಎಂದ. ಇಬ್ಬರ ಮಾತೂ ನನಗೆ ಸರಿ ಎನ್ನಿಸಿತು. ಈಗಲೂ ಹಾಗೇ ಎನ್ನಿಸುತ್ತದೆ. ಮುನ್ನೆಚ್ಚರಿಕೆಯ ತೊಂದರೆ ಇದೇ ನೋಡಿ: ಅದು ತಪ್ಪಿಸಿದ ಕೇಡನ್ನು ಯಾರೂ ಕಂಡಿರುವುದಿಲ್ಲ, ಅದು ತಂದ ಕೇಡು ಮಾತ್ರ ಎದುರಿಗೆ ಕುಳಿತಿರುತ್ತದೆ. ನಮ್ಮ ಎದುರಿಗೆ ಕುಳಿತಿದ್ದವಳು ನೀಲಕ್ಕ. ಮೈಗೆ ಅರಿಶಿಣ ಹಚ್ಚಿಕೊಂಡು, ಮನೆಯಲ್ಲಿ ಉಡುವ ಹಳೆಯ ಸೀರೆಯಲ್ಲಿ, ಗೋಡೆಗೆ ಒರಗಿ. ಮುಹೂರ್ತ ತಪ್ಪಿದ ಹುಡುಗಿಯನ್ನು ಬೀಗರು ಒಪ್ಪುತ್ತಾರೋ ಇಲ್ಲವೋ ಎಂದು ನೆರೆಯ ಹೆಂಗಸರು ಆಕೆಯ ಮುಂದೆಯೇ ಮಾತಾಡುತ್ತಿದ್ದರು.

ಆಗ ಮಲ್ಲಪ್ಪ ಬಂದ.

ಮೊಣಕಾಲಿನವರೆಗೆ ಕೆಸರು, ಧೋತರ ಮೈಗಂಟಿಕೊಂಡಿತ್ತು, ತಲೆಯ ರುಮಾಲು ಮಾತ್ರ ಒಣಗಿತ್ತು. ಆಚೆ ದಂಡೆಯ ಇಬ್ಬರು ಅಂಬಿಗರನ್ನು ಪುಸಲಾಯಿಸಿ ಹರಗೋಲು ಬಿಡಿಸಿಕೊಂಡು, ಸೆಳವಿನ ಕೂಡ ಬಹಳ ಕೆಳಗೆ ಹೋಗಿ ದಡ ಹತ್ತಿ, ಹೊಲಗಳಲ್ಲಿ ಹಾಯ್ದು ಬಂದಿದ್ದ. ರುಮಾಲು ಬಿಚ್ಚಿ ತಾಳಿ ತೆಗೆದು ಅಯ್ಯನವರ ಮುಂದೆ ಇಟ್ಟ. ಸೀರೆ ನೆನೆಯುತ್ತದೆಂದು ತಂದಿರಲಿಲ್ಲ.

ಎಲ್ಲರಿಗೂ ಹೋದ ಜೀವ ಬಂದಂತಾಯಿತು, ಅಪ್ಪನೊಬ್ಬನನ್ನು ಬಿಟ್ಟು. ಅಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ.

“ಈಜಾಕ ಬರತೈತೇನ್ರಿ?”

“ಇಲ್ರಿ ಮಾವಾರ.”

“ಮನ್ಯಾಗ ಹೇಳಿ ಬಂದೀರಿ?”

“ಅತ್ತಿಯಾರಿಗೆ ಅಷ್ಟ ಹೇಳೀನ್ರಿ. ಅವ್ರ ತಾಳಿ ಕೊಟ್ಟಾರ.”

“ಏನ ವಿಚಾರ ಮಾಡಿ ಬಂದ್ರಿ?”

ಮಲ್ಲಪ್ಪ ಬಿಚ್ಚಿದ ರುಮಾಲನ್ನು ಮಡಚಿದ. “ವಿಚಾರ ಮಾಡಿದ್ರ ಬರಾಕ ಆಗತಿರಲಿಲ್ರಿ.”

ಅಪ್ಪ ಕಾಕಾನನ್ನು ಹಿತ್ತಲಿಗೆ ಕರೆದುಕೊಂಡು ಹೋದ. ನಾನೂ ಹಿಂದೆ ಹೋದೆ. ಅಪ್ಪನ ಮುಖ ನೋಡಲಾಗುತ್ತಿರಲಿಲ್ಲ, ಅಷ್ಟು ಗಲಿಬಿಲಿಗೊಂಡಿದ್ದ. ಈಜು ಬರದೆ ತುಂಬಿದ ಹೊಳೆಗೆ ಇಳಿಯುವವನಿಗೆ ಮಗಳನ್ನು ಕೊಡುವುದು ಹೇಗೆ? ಮಗಳಿಗಾಗಿ ತುಂಬಿದ ಹೊಳೆ ದಾಟಿ ಬಂದವನಿಗೆ ಕೊಡದಿರುವುದು ಹೇಗೆ? “ನಾಳಿ ಇವ ಚಕ್ಕಡಿ ಒಯ್ದು ಬಾವಿಗಿ ಹೊಡದರ ಏನ ಮಾಡೂನು?” ಎಂದು ಅಪ್ಪ ಕೇಳಿದ. ಕಾಕಾನೂ ಅದನ್ನೇ ವಿಚಾರ ಮಾಡತೊಡಗಿದ. ಒಳಗೆ ಅಯ್ಯನವರು ಮುಹೂರ್ತ ಹತ್ತಿರ ಬಂತೆಂದು ಕೂಗುತ್ತಿದ್ದರು.

ನೀಲಕ್ಕ ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದಳು. ಆಕೆ ಅಪ್ಪನೆದುರು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

“ಅಪ್ಪಾ, ನಮ್ಮ ಮನ್ಯಾಗ ವಿಚಾರ ಮಾಡವ್ರು ಬೇಕಾದಷ್ಟು ಮಂದಿ ಅದೀರಿ. ಒಬ್ಬರರೆ ಮಾಡಲಾರದವ್ರು ಇರ್ಲಿ.”

ಅಪ್ಪ ಅವಳನ್ನು ನೋಡಿದ, ಕಾಕಾನನ್ನು ನೋಡಿದ, ಕೊನೆಗೆ ಯಾಕೋ ನನ್ನನ್ನೂ ನೋಡಿದ. “ನಡೀರಿ ಮತ್ತ” ಎಂದ.

ಮದುವೆ ನಮ್ಮ ಪಡಸಾಲೆಯಲ್ಲೇ ಆಯಿತು. ಹಂದರವಿಲ್ಲ, ವಾದ್ಯವಿಲ್ಲ. ನೀಲಕ್ಕ ಹಳೆಯ ಸೀರೆಯಲ್ಲೇ ಕುಳಿತಳು. ಮಲ್ಲಪ್ಪನಿಗೆ ಕಾಕಾನ ಒಣ ಧೋತರ ಉಡಿಸಿದರು. ನೆರೆಮನೆಯವರು ತಮ್ಮ ತಮ್ಮ ಮನೆಯಿಂದ ಹಿಡಿ ಅಕ್ಕಿ ತಂದು ಅಕ್ಕಿಕಾಳು ಹಾಕಿದರು. ಊಟಕ್ಕೆ ಮನೆಯಲ್ಲಿ ಇದ್ದದ್ದು ರೊಟ್ಟಿ, ಹಿಂಡಿ ಎನ್ನುವ ಚಟ್ನಿಪುಡಿ. ಮದುವೆಯ ಅಡುಗೆಯೆಲ್ಲ ಆಚೆ ದಂಡೆಯಲ್ಲಿತ್ತು. ಅಲ್ಲಿ ಸೇರಿದ ಮಂದಿಗೆ ಅದೇ ಹೊತ್ತಿಗೆ ನಮ್ಮ ಅವ್ವ ಹೋಳಿಗೆ ಬಡಿಸುತ್ತಿದ್ದಳಂತೆ, ಮದುವೆಯಾಯಿತೋ ಇಲ್ಲವೋ, ಅಳಿಯ ದಡ ಮುಟ್ಟಿದನೋ ಇಲ್ಲವೋ ಗೊತ್ತಿಲ್ಲದೆ. ಅದನ್ನು ಆಯಿ ಆಮೇಲೆ ಹೇಳಿದಳು. ಆದರೆ ಆ ದಿನ ನನಗೆ ಅವ್ವನ ನೆನಪು ಬಂದದ್ದು ಎಲ್ಲ ಮುಗಿದ ಮೇಲೆ. ತಾಳಿ ಕಟ್ಟಿದ ಕೂಡಲೇ ನೀಲಕ್ಕ ತಲೆಯೆತ್ತಿ, ಹೆಂಗಸರ ಗುಂಪಿನಲ್ಲಿ ಯಾರನ್ನೋ ಹುಡುಕಿದಳು. ಯಾರನ್ನೆಂದು ನನಗೆ ಸ್ವಲ್ಪ ತಡವಾಗಿ ಹೊಳೆಯಿತು.

ಮಲ್ಲಪ್ಪ ಮಾವ ಮುಂದೆ ಚಕ್ಕಡಿಯನ್ನು ಬಾವಿಗೇನೂ ಹೊಡೆಯಲಿಲ್ಲ. ಆ ಮನುಷ್ಯನಷ್ಟು ಅಂಜುಬುರುಕನನ್ನು ನಾನು ಕಂಡಿಲ್ಲ. ಕೆರೆಯ ಏರಿಯ ಮೇಲೆ ನಡೆಯುವಾಗಲೂ ನೀಲಕ್ಕನ ಕೈ ಹಿಡಿದುಕೊಳ್ಳುತ್ತಿದ್ದರು. ಆಕೆಯನ್ನು ನಡೆಸಲಿಕ್ಕಲ್ಲ, ತಾವು ಬೀಳಬಾರದೆಂದು. ಹಾಗಾದರೆ ಅವತ್ತಿನದು ಏನು ಎಂದು ಕೇಳಿದರೆ ನಗುತ್ತಿದ್ದರು. ಅವರನ್ನು ಶಾಣ್ಯಾ ಎನ್ನಬೇಕೋ ಹುಚ್ಚ ಎನ್ನಬೇಕೋ ಎಂದು ನಮ್ಮ ಮನೆಯಲ್ಲಿ ಕೊನೆಯವರೆಗೂ ತೀರ್ಮಾನವಾಗಲಿಲ್ಲ.

ನೀರು ಇಳಿಯಲು ಕೆಲವು ದಿನ ಹಿಡಿಯಿತು. ಇಳಿದ ಮೇಲೆ ನೀಲಕ್ಕನನ್ನು ಗಂಡನ ಮನೆಗೆ ಕಳಿಸಲು ನಾವು ಆಚೆ ದಂಡೆಗೆ ಹೋದೆವು. ಅವ್ವ ಮಗಳನ್ನು ಕಂಡು ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ರಬಕವಿಯ ಸೀರೆಯನ್ನು ಉಡಿಸಿದಳು. ನೆರಿಗೆಗಳನ್ನು ಒಂದೊಂದಾಗಿ ತಿದ್ದಿದಳು. ಹೊರಗೆ ಹಂದರದ ಎಲೆಗಳೆಲ್ಲ ಒಣಗಿ ಉದುರುತ್ತಿದ್ದವು. ಅದರ ಕೆಳಗೆ ನೀಲಕ್ಕನನ್ನೂ ಅಳಿಯನನ್ನೂ ಅಕ್ಕಪಕ್ಕ ಕೂಡ್ರಿಸಿ, ಎದುರಿಗೆ ನೆಲದ ಮೇಲೆ ತಾನು ಕುಳಿತು ನೋಡಿದಳು. ಬಹಳ ಹೊತ್ತು ನೋಡಿದಳು. ನೀಲಕ್ಕನ ಕಣ್ಣಿಂದ ನೀರು ಇಳಿಯುತ್ತಿತ್ತು, ಅವ್ವನ ಕಣ್ಣು ಒಣಗಿದ್ದವು.

ಅಪ್ಪ ಬಂದು ಪಕ್ಕದಲ್ಲಿ ಕುಳಿತ. ಏನಾದರೂ ಸಮಾಧಾನದ ಮಾತು ಹೇಳಬೇಕು ಎನ್ನಿಸಿರಬೇಕು.

“ಇರ್ಲಿ ಬಿಡು. ಎಲ್ಲಾರೂ ಜೀವಂತ ಅದೀವಲ್ಲ.”

ಅವ್ವ ಅವನ ಕಡೆ ತಿರುಗಲಿಲ್ಲ. ನೀಲಕ್ಕನನ್ನೇ ನೋಡುತ್ತ ಹೇಳಿದಳು.

“ಅವತ್ತ ನಾನೂ ಹೊಂಟಿದ್ದೆ. ಹರಗೋಲದಾಗ ಒಂದ ಕಾಲ ಇಟ್ಟಿದ್ದೆ. ಅಳಿಯಾರು ಕೈ ಚಾಚಿದ್ರು. ಬಸು ನೆಪ್ಪಾದ. ವಿಚಾರ ಬಂತು. ಕಾಲ ತಕ್ಕೊಂಡೆ.”

“ಛಲೋ ಮಾಡಿದಿ” ಎಂದ ಅಪ್ಪ.

ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದಳು. ಅಪ್ಪ ಆಕೆಯ ಹೆಗಲ ಮೇಲೆ ಕೈ ಇಡಲು ಹೋಗಿ, ತಾನು ಆಡಿದ ಮಾತಿನಲ್ಲಿ ತಪ್ಪೇನಿತ್ತೆಂದು ತಿಳಿಯದೆ ಹಿಂದಕ್ಕೆ ತೆಗೆದುಕೊಂಡ.